ಮಾರ್ತಮ್ಮನವರ ಮೈದಾ ಅಂಟು

ಗೋಂದಿನ ಬಾಟಲಿ ಬೇಕಾದಾಗಲೆಲ್ಲ ಒಣಗಿರುತ್ತದೆ. ಇದನ್ನು ದೂರೆಂದು ಹೇಳುತ್ತಿಲ್ಲ; ಎಪ್ಪತ್ತರ ಹೊಸ್ತಿಲಲ್ಲಿ ನಿಂತಿರುವ ನಾನು ಲೋಕದ ಇತರ ನಿಯಮಗಳ ಜೊತೆಗೆ ಇದನ್ನೂ ಒಪ್ಪಿಕೊಂಡಿದ್ದೇನೆ. ಮೊನ್ನೆ ಶನಿವಾರ ಬ್ಯಾಂಕಿನವರು ಕೊಟ್ಟಿದ್ದ ಜೀವಿತ ಪ್ರಮಾಣಪತ್ರದ ನಮೂನೆಗೆ ನನ್ನ ಭಾವಚಿತ್ರ ಅಂಟಿಸಲು ಕೂತೆ. ಪಿಂಚಣಿ ತಿನ್ನುವವನು ವರ್ಷಕ್ಕೊಮ್ಮೆ ತಾನಿನ್ನೂ ಬದುಕಿರುವುದಾಗಿ ಸರ್ಕಾರಕ್ಕೆ ಬರೆದು ತಿಳಿಸಬೇಕು. ಎದುರಿಗೆ ನಿಂತು ಬಾಯಲ್ಲಿ ಹೇಳಿದರೆ ಸಾಲದು, ಭಾವಚಿತ್ರವೂ ಅದನ್ನು ಅನುಮೋದಿಸಬೇಕು. ಮೇಜಿನ ಖಾನೆಯಿಂದ ಬಾಟಲಿ ತೆಗೆದರೆ ಮುಚ್ಚಳ ಅದರ ಕತ್ತನ್ನು ಕಚ್ಚಿ ಹಿಡಿದಿತ್ತು. ಬಟ್ಟೆ ಸುತ್ತಿ ತಿರುಗಿಸಿದೆ, ಬಾಗಿಲ ಸಂದಿಗೆ ಕೊಟ್ಟು ತಿರುಗಿಸಿದೆ, ಬಿಸಿನೀರಿನಲ್ಲಿ ಅದ್ದಿ ತಿರುಗಿಸಿದೆ. ಕೊನೆಗೂ ತೆರೆದಾಗ ಒಳಗಿದ್ದದ್ದು ಜೇನಿನ ಬಣ್ಣದ ಒಂದು ಕಲ್ಲು. ಕಾಗದವನ್ನು ಹಿಡಿಯಲೆಂದು ಹುಟ್ಟಿದ ಪದಾರ್ಥ ತನ್ನ ಸರ್ವಶಕ್ತಿಯನ್ನೂ ಮುಚ್ಚಳವನ್ನು ಹಿಡಿಯುವುದರಲ್ಲೇ ಕಳೆದುಬಿಟ್ಟಿತ್ತು.

ಹದಿನಾರು ಎಂಬ ಹೆಸರಿನ ನಮ್ಮ ಹುಟ್ಟೂರಿನ ಮನೆಯಲ್ಲಿ ಗೋಂದಿನ ಬಾಟಲಿ ಎಂಬುದೇ ಇರಲಿಲ್ಲ. ಕಾಗದದ ಲಕೋಟೆ ಮುಚ್ಚಬೇಕಾದರೆ ಅಪ್ಪ ಊಟದ ತಟ್ಟೆಯಿಂದ ನಾಲ್ಕು ಅಗುಳು ಎತ್ತಿಟ್ಟುಕೊಂಡು ಹೆಬ್ಬೆರಳಲ್ಲಿ ಅರೆಯುತ್ತಿದ್ದರು. ಆ ಕಾಗದಗಳು ಹೋಗಬೇಕಾದಲ್ಲಿಗೆ ಹೋಗಿ ಸೇರುತ್ತಿದ್ದವು. ಕೆಲವಕ್ಕೆ ಸಾರಿನ ವಾಸನೆ ಇರುತ್ತಿತ್ತೆಂದು ನೆಂಟರು ಹೇಳುತ್ತಿದ್ದದ್ದುಂಟು. ನಾನು ಮಾತ್ರ ಅಂಟಿನ ವಂಶ ಬಿಟ್ಟು ಶಾಯಿಯ ವಂಶಕ್ಕೆ ದತ್ತು ಹೋದವನು. ಮೂವತ್ತನಾಲ್ಕು ವರ್ಷ ಹುಲ್ಲಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದೆ ಎಂದು ಹೇಳಿಕೊಳ್ಳುತ್ತೇನಾದರೂ, ನಿಜವಾಗಿ ಮಾಡಿದ್ದು ಕೆಂಪು ಶಾಯಿಯಲ್ಲಿ ಗೀಟು ಎಳೆಯುವ ಕೆಲಸ. ನಿವೃತ್ತನಾಗಿ ನಂಜನಗೂಡಿಗೆ ಬಂದು ನೆಲೆಸಿದ ಮೇಲೂ ಚಟ ಹೋಗಲಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ನೋಡುವ ಮೊದಲು ತಪ್ಪು ನೋಡುತ್ತೇನೆ. ನನ್ನ ಹೆಂಡತಿ ಪಾರ್ವತಿ ಬರೆದಿಡುವ ದಿನಸಿ ಪಟ್ಟಿಯನ್ನೂ ಒಮ್ಮೆ ತಿದ್ದಿ, ಆ ತಿಂಗಳೆಲ್ಲ ದಿನಸಿಯನ್ನು ನಾನೇ ತರುವಂತಾಯಿತು. ಬರೆದದ್ದು ಸರಿಯಿಲ್ಲದಿದ್ದರೆ ಹೊಡೆದುಹಾಕು, ಮೇಲೆ ಸರಿಯಾದದ್ದನ್ನು ಬರೆ: ತಿದ್ದುಪಡಿ ಎಂದರೆ ನಾನು ಇಷ್ಟನ್ನೇ ತಿಳಿದಿದ್ದೆ. ಅದಕ್ಕೆ ಅಂಟು ಬೇಕೆಂದು ನನಗೆ ಕಲಿಸಿದ್ದು ತಿರುಮಕೂಡಲು ನರಸೀಪುರದ ಒಂದು ಪುಟ್ಟ ಚರ್ಚು, ಮತ್ತು ಆ ಚರ್ಚಿನ ಮಾರ್ತಮ್ಮನವರು.

ಮೂರು ವರ್ಷಗಳ ಹಿಂದೆ ಒಂದು ದಿನ ಸ್ಯಾಮ್ಯುಯೆಲ್ ಮೇಷ್ಟ್ರ ಫೋನು ಬಂತು. ಅವರು ನನ್ನ ಜೊತೆಯಲ್ಲೇ ಹುಲ್ಲಹಳ್ಳಿಯಲ್ಲಿ ಗಣಿತ ಹೇಳುತ್ತಿದ್ದವರು. ನಿವೃತ್ತರಾಗಿ ಸ್ವಂತ ಊರು ನರಸೀಪುರ ಸೇರಿ, ಅಲ್ಲಿನ ತಮ್ಮ ಚರ್ಚಿನ ಹಿರಿಯರ ಮಂಡಳಿಗೆ ಕಾರ್ಯದರ್ಶಿಯಾಗಿದ್ದರು. ‘ಮೇಷ್ಟ್ರೇ, ನಮ್ಮ ಸಭೆಯ ನಿಬಂಧನೆ ಪುಸ್ತಕ ಪರಿಷ್ಕರಣೆ ಮಾಡ್ತಿದ್ದೀವಿ ಕಣ್ರೀ. ಹಳೇ ಕಾಲದ ಭಾಷೆ, ಹುಡುಗ್ರಿಗೆ ತಲೆಬುಡ ಗೊತ್ತಾಗಲ್ಲ. ನೀವು ಬಂದು ಒಸಿ ನೋಡ್ಕೊಡಿ’ ಎಂದರು. ಅವರ ಬಾಯಲ್ಲಿ ಸಭೆ ಎಂದರೆ ಸೇರಿ ಚದುರುವ ಸಭೆಯಲ್ಲ. ಆ ಚರ್ಚಿಗೆ ಸೇರಿದ ಅಷ್ಟೂ ಜನ. ಆ ಜನ ಹೇಗೆ ಕೂಡಬೇಕು, ಹಿರಿಯರನ್ನು ಹೇಗೆ ಆರಿಸಬೇಕು, ಯಾರು ಮತ ಹಾಕಬೇಕು ಎಂಬುದನ್ನೆಲ್ಲ ಹೇಳುವ ಪುಸ್ತಕವೇ ನಿಬಂಧನೆ. ತಿದ್ದುವುದಕ್ಕೆ ಕರೆದರೆ ನಾನು ಊಟಕ್ಕೆ ಕರೆದದ್ದಕ್ಕಿಂತ ಬೇಗ ಹೊರಡುತ್ತೇನೆ. ಮುಂದಿನ ಶನಿವಾರವೇ ಜೇಬಿನಲ್ಲಿ ಎರಡು ಕೆಂಪು ಪೆನ್ನು ಸಿಕ್ಕಿಸಿಕೊಂಡು, ಸುತ್ತೂರು ದಾಟಿ ಹೋಗುವ ಬಸ್ಸು ಹತ್ತಿದೆ.

ನಿಜ ಹೇಳಬೇಕೆಂದರೆ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ನಾನು ಸದಸ್ಯನಾಗಿರುವ ಒಂದು ಸಹಕಾರ ಸಂಘದಲ್ಲಿ ಉಪವಿಧಿಗಳ ತಿದ್ದುಪಡಿ ನಡೆಯುವ ಕ್ರಮ ಹೀಗಿದೆ: ವಾರ್ಷಿಕ ಮಹಾಸಭೆಯಲ್ಲಿ ಅಧ್ಯಕ್ಷರು ‘ತಿದ್ದುಪಡಿಗಳನ್ನು ಓದಲಾಗಿದೆಯೆಂದು ಭಾವಿಸೋಣವೇ?’ ಎನ್ನುತ್ತಾರೆ; ಅಷ್ಟರಲ್ಲಿ ಬಾಗಿಲ ಬಳಿ ಖಾರಾಭಾತ್ ಪೊಟ್ಟಣಗಳ ಬುಟ್ಟಿ ಕಾಣಿಸಿಕೊಳ್ಳುತ್ತದೆ; ಸಭೆ ಒಕ್ಕೊರಲಿನಿಂದ ಭಾವಿಸುತ್ತದೆ. ಭಾವಿಸಿದವರಲ್ಲಿ ನಾನೂ ಒಬ್ಬ. ಹೀಗೆ ಭಾವಿಸಿ ಭಾವಿಸಿ ಯಾವ ಯಾವ ನಿಯಮಕ್ಕೆ ಕೈಯೆತ್ತಿದ್ದೇನೆಂದು ಇವತ್ತಿಗೂ ನನಗೆ ತಿಳಿಯದು.

ಅವರೆಲ್ಲ ದೇವಾಲಯವೆಂದೇ ಕರೆಯುವ ಆ ಚರ್ಚು ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಮಂಗಳೂರು ಹೆಂಚಿನ ಚಿಕ್ಕ ಕಟ್ಟಡ, ಮುಂದೆ ಒಂದು ಹುಣಸೆ ಮರ, ಪಕ್ಕದಲ್ಲಿ ಮಂಡಳಿ ಸೇರುವ ಕೋಣೆ. ಸಭಾಪಾಲಕರು ಮೂವತ್ತು ದಾಟಿರದ ಯುವಕ; ಮಾತಿಗಿಂತ ಮೊದಲು ನಗುವ ಸ್ವಭಾವ. ಮೇಜಿನ ಸುತ್ತ ಹಿರಿಯರು ಏಳು ಮಂದಿ. ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಬಿಳಿ ಸೀರೆಯ ಮುದುಕಿಯೊಬ್ಬರು ಅಲ್ಯುಮಿನಿಯಂ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟೀ ಕೊಡುವವರೆಂದು ನಾನು ಭಾವಿಸಿದೆ. ಭಾವಿಸುವುದು ನನಗೆ ಅಭ್ಯಾಸವಾಗಿಹೋಗಿದೆಯಷ್ಟೆ.

ಸ್ಯಾಮ್ಯುಯೆಲ್ ಮೇಷ್ಟ್ರು ಪುಸ್ತಕವನ್ನು ನನ್ನ ಮುಂದಿಟ್ಟರು. ದಪ್ಪ ರಟ್ಟಿನ, ಕೈಬರಹದ ಹಳೆಯ ಪುಸ್ತಕ. ಪುಟ ತೆರೆದರೆ ನನ್ನ ವೃತ್ತಿಜೀವನದಲ್ಲಿ ಕಾಣದ ಒಂದು ದೃಶ್ಯ: ಇಡೀ ಪುಸ್ತಕದಲ್ಲಿ ಒಂದೇ ಒಂದು ಹೊಡೆದುಹಾಕಿದ ಗೀಟು ಇರಲಿಲ್ಲ. ಬದಲಾದ ನಿಯಮಗಳ ಮೇಲೆಲ್ಲ ಅದರಷ್ಟೇ ಅಳತೆಯ ಚೀಟಿ, ಚೀಟಿಯಲ್ಲಿ ಹೊಸ ನಿಯಮ. ಚೀಟಿಯ ಎಡ ಅಂಚಿಗೆ ಮಾತ್ರ ಅಂಟು. ಬಲಗಡೆಯಿಂದ ಎತ್ತಿದರೆ ಕಿಟಕಿಯ ಬಾಗಿಲಿನಂತೆ ತೆರೆದುಕೊಂಡು ಕೆಳಗಿನ ಹಳೆಯ ನಿಯಮ ಅಕ್ಷರ ಮಾಸದೆ ಕಾಣುತ್ತಿತ್ತು. ಒಂದು ಪುಟದಲ್ಲಿ ಮೂರು ಚೀಟಿಗಳು ಒಂದರ ಮೇಲೊಂದಿದ್ದವು. ಎಲ್ಲಕ್ಕಿಂತ ಕೆಳಗೆ, ಆರಾಧನೆಗೆ ಬರುವವರು ಗಾಡಿಯ ಎತ್ತುಗಳನ್ನು ಹುಣಸೆಯ ಮರದ ಪೂರ್ವಕ್ಕೆ ಕಟ್ಟತಕ್ಕದ್ದೆಂದು ಬರೆದಿತ್ತು. ಅದರ ಮೇಲಿನ ಚೀಟಿಯಲ್ಲಿ ಸೈಕಲ್ಲುಗಳು, ಅದರ ಮೇಲೆ ಸ್ಕೂಟರುಗಳು. ಎಲ್ಲಕ್ಕಿಂತ ಮೇಲಿನದರಲ್ಲಿ, ಮರದ ಬುಡಕ್ಕೆ ಏಟಾಗುವುದರಿಂದ ಯಾವ ವಾಹನವನ್ನೂ ಅಲ್ಲಿ ನಿಲ್ಲಿಸಬಾರದೆಂದಿತ್ತು. ಒಂದು ಊರಿನ ಸಾರಿಗೆಯ ಚರಿತ್ರೆಯನ್ನು ನಾನು ಉಗುರಿನ ತುದಿಯಿಂದ ಎತ್ತಿ ಎತ್ತಿ ಓದಿದೆ. ಪಕ್ಕದ ಪುಟದಲ್ಲಿ ಚೀಟಿಯೇ ಬೀಳದ ಒಂದು ನಿಯಮವಿತ್ತು: ಚುನಾವಣೆಯ ದಿನ ಮತವುಳ್ಳವರ ಹೆಸರನ್ನು ಗಟ್ಟಿಯಾಗಿ ಕರೆಯಬೇಕು, ಕರೆಸಿಕೊಂಡವರು ಎದ್ದು ನಿಂತು ‘ಇದ್ದೇನೆ’ ಎನ್ನಬೇಕು, ಎತ್ತು ಬಿಚ್ಚುತ್ತ ಹೊರಗಿರುವವರಿಗೂ ಕೇಳಿಸಲೆಂದು ಪ್ರತಿ ಹೆಸರನ್ನೂ ಮೂರು ಸಲ ಕರೆದ ಮೇಲೆಯೇ ಗೈರುಹಾಜರಿ ಬರೆಯಬೇಕು. ಎತ್ತುಗಳು ಹೋಗಿ ಎಷ್ಟು ಕಾಲವಾಗಿದ್ದರೂ ಮೂರು ಕರೆಗಳು ಉಳಿದುಕೊಂಡಿದ್ದವು.

ತಿದ್ದಲೆಂದು ಕೊಟ್ಟ ನಕಲು ಪ್ರತಿಯನ್ನು ಕೈಗೆ ತೆಗೆದುಕೊಂಡವನೇ ನಾನು ಅಭ್ಯಾಸಬಲದಿಂದ ಮೊದಲ ವಾಕ್ಯಕ್ಕೆ ಕೆಂಪು ಗೀಟು ಎಳೆದೆ. ಮೇಜಿನ ಸುತ್ತ ಏಳು ಜನ ಒಟ್ಟಿಗೆ ಉಸಿರು ಹಿಡಿದರು. ಮೂಲೆಯಿಂದ ಮುದುಕಿಯ ಧ್ವನಿ ಬಂತು.

‘ಒಡೀಬ್ಯಾಡಿ ಮೇಷ್ಟ್ರೇ. ಬರ್ದೋರು ನಿಮ್ಗಿಂತ ದೊಡ್ಡೋರು. ಪಕ್ಕದಲ್ಲಿ ಬರೀರಿ, ಅಂಟ್ಸೋಕೆ ನಾನಿವ್ನಿ.’

ಅವರೇ ಮಾರ್ತಮ್ಮನವರು. ಪಾತ್ರೆಯಲ್ಲಿದ್ದದ್ದು ಟೀ ಅಲ್ಲ, ಮೈದಾ ಹಿಟ್ಟು ಕಾಯಿಸಿ ಮಾಡಿದ ಅಂಟು. ಪುಸ್ತಕಕ್ಕೆ ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದ್ದರಿಂದ ತುಸು ನೀಲಿಯಾಗಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಆಗಲೇ ಎಪ್ಪತ್ತೆಂಟು ವಯಸ್ಸು. ಮದುವೆಯಾಗಿರಲಿಲ್ಲ. ಯೌವನದಲ್ಲಿ ಯಾರೋ ಹಿರಿಯರು ‘ನಿನ್ನ ಕೈ ನಡುಗುವುದಿಲ್ಲ, ನೀನು ಅಂಟಿಸು’ ಎಂದು ಹೇಳಿದ್ದರಂತೆ. ಅಂದಿನಿಂದ ಆ ಪುಸ್ತಕದ ಪ್ರತಿಯೊಂದು ಚೀಟಿಯೂ ಅವರ ಕೈಯದು. ಅಂಟಿಸುವ ಮೊದಲು ಹಳೆಯದನ್ನೂ ಹೊಸದನ್ನೂ ಎರಡೆರಡು ಸಲ ಓದುವ ಪದ್ಧತಿ ಇಟ್ಟುಕೊಂಡಿದ್ದರಿಂದ ಪುಸ್ತಕ ಅವರಿಗೆ ಕಂಠಪಾಠವಾಗಿತ್ತು.

ಮುಂದೆ ಹತ್ತು ಶನಿವಾರ ನಾನು ಹೋದೆ. ಭಾಷೆಗಾಗಿ ಹೋದದ್ದು ಮೊದಲೆರಡು ಸಲ. ಉಳಿದ ಎಂಟು ಸಲ ಹೋದದ್ದು ನೋಡುವ ಆಸೆಗೆ. ಆ ಮಂಡಳಿಯ ಕ್ರಮದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಒಂದು ಕಟ್ಟುಪಾಡು. ಯಾವುದೇ ನಿಯಮ ಬದಲಾಗಬೇಕೆಂದು ಕೇಳುವವನು ಮೊದಲು ಎದ್ದು ನಿಂತು, ಹಿಂದಿನವರು ಅದನ್ನು ಯಾಕೆ ಹಾಗೆ ಬರೆದರೆಂದು ಹೇಳಬೇಕು. ಹೇಳಿದ್ದು ಉಳಿದವರಿಗೆ ಸರಿಯೆನಿಸಬೇಕು. ಅಲ್ಲಿಯವರೆಗೆ ಅವನ ತಿದ್ದುಪಡಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೆಡವುವ ಮುಂಚೆ ಕಟ್ಟಿದವನ ಪರ ವಕಾಲತ್ತು ವಹಿಸಬೇಕೆಂಬ ಈ ಶಿಕ್ಷೆಯಿಂದಾಗಿ ಅರ್ಧದಷ್ಟು ತಿದ್ದುಪಡಿಗಳು ಹುಟ್ಟುವ ಮೊದಲೇ ಸಮಾಧಾನ ಹೊಂದುತ್ತಿದ್ದವು. ಆರಾಧನೆಯ ಹೊತ್ತನ್ನು ಮುಂದಕ್ಕೆ ಹಾಕಬೇಕೆಂದು ಎದ್ದವರೊಬ್ಬರು, ಬೆಳಗಿನ ಹೊತ್ತನ್ನೇ ಹಿಂದಿನವರು ಯಾಕೆ ಇಟ್ಟರೆಂದು ಹೇಳುತ್ತ ಹೇಳುತ್ತ ತಮ್ಮ ಮಾತಿಗೆ ತಾವೇ ಮರುಳಾಗಿ ಕೂತುಬಿಟ್ಟರು. ಈ ನಿಯಮವನ್ನು ನಮ್ಮ ಮನೆಯಲ್ಲಿ ಜಾರಿಗೆ ತರಲು ನಾನು ಯೋಚಿಸಿದ್ದೆ. ಆದರೆ ಪಾರ್ವತಿಯ ಪರವಾಗಿ ಮೊದಲು ನಾನು ಮಾತಾಡಬೇಕಾಗುತ್ತದೆಂದು ಹೊಳೆದು ಸುಮ್ಮನಾದೆ.

ಆರನೆಯ ಶನಿವಾರ ಮತದ ನಿಯಮ ಬಂತು. ‘ಕುಟುಂಬವೊಂದಕ್ಕೆ ಒಂದು ಮತವಿರತಕ್ಕದ್ದು, ಅದನ್ನು ಕುಟುಂಬದ ಯಜಮಾನನು ಚಲಾಯಿಸತಕ್ಕದ್ದು’ ಎಂಬುದು ಮೂಲ. ಯಜಮಾನ ಹೋದರೆ ಹಿರಿಯ ಮಗ. ಹೀಗಾಗಿ ಸಭೆಯ ಯಾವ ಹೆಂಗಸಿಗೂ ಮತವಿರಲಿಲ್ಲ. ಮಾರ್ತಮ್ಮನವರ ಹೆಸರು ಮೊದಲು ಅಪ್ಪನ ಕುಟುಂಬದಲ್ಲಿ, ಅಪ್ಪ ಹೋದ ಮೇಲೆ ಅಣ್ಣನ ಕುಟುಂಬದಲ್ಲಿ, ಅಣ್ಣನೂ ಹೋದ ಮೇಲೆ ಅಣ್ಣನ ಮಗ ಡೇವಿಡ್ಡನ ಕುಟುಂಬದಲ್ಲಿ ಇತ್ತು. ಡೇವಿಡ್ ಮಂಡಳಿಯ ಅತಿ ಕಿರಿಯ ಹಿರಿಯ. ನಲವತ್ತೈದರ ಆಸುಪಾಸು, ನೀರಾವರಿ ಇಲಾಖೆಯಲ್ಲಿ ನೌಕರಿ. ಅವನ ಹೊಕ್ಕುಳ ಬಳ್ಳಿ ಕತ್ತರಿಸಿದವರು ಮಾರ್ತಮ್ಮ; ಅವರ ಪರವಾಗಿ ಮತ ಹಾಕುವವನು ಅವನು. ಸಭೆಯ ಯಜಮಾನರಲ್ಲಿ ಅರ್ಧ ಜನ ಭೂಮಿಗೆ ಬಂದದ್ದು ಇದೇ ಕೈಗಳಿಂದ. ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಮತ ಬೇಕೆಂಬ ತಿದ್ದುಪಡಿಯನ್ನು ಡೇವಿಡ್ಡನೇ ತಂದಿದ್ದ.

ಕಟ್ಟುಪಾಡಿನಂತೆ ಅವನು ಮೊದಲು ಹಳೆಯದರ ಪರ ಮಾತಾಡಬೇಕಾಯಿತು. ಪಾಪ, ಎದ್ದು ನಿಂತು ಕನ್ನಡಕ ಒರೆಸಿದ, ನೀರು ಕುಡಿದ, ಆಗಿನ ಕಾಲದಲ್ಲಿ ಹೆಂಗಸರಿಗೆ ಓದು ಬರುತ್ತಿರಲಿಲ್ಲವೆಂದ. ಮೂಲೆಯಲ್ಲಿ ಪಾತ್ರೆಯ ಮುಚ್ಚಳ ಟಣ್ಣೆಂದಿತು. ‘ಗಂಡಸ್ರಿಗ್ ಏನ್ ಬತ್ತಿತ್ತು? ಎಬ್ಬೆಟ್ಟು ಒತ್ತೋರೇ ಎಲ್ಲಾ’ ಎಂದರು ಮಾರ್ತಮ್ಮ. ಆಮೇಲೆ ಅವನ ಕಷ್ಟ ನೋಡಲಾರದೆ ತಾವೇ ಹೇಳಿಕೊಟ್ಟರು: ‘ಆಗ ಇದ್ದಿದ್ದೇ ಅತ್ತೋ ಅನ್ನೆರಡೋ ಮನೆ ಕಣಪ್ಪ. ಅಣ್ತಮ್ಮಂದ್ರು ಒಬ್ರಿಗೊಬ್ರು ಎದ್ರು ಬಿದ್ದು ವೋಟಾಕುದ್ರೆ ಮನೆ ಒಡೆದೋಯ್ತದೆ, ಮನೆ ಒಡೆದ್ರೆ ಸಭೆನೇ ಇರಾಕಿಲ್ಲ ಅಂತ ಅಂಗ್ ಬರ್ದ್ರು. ತೆಪ್ಪಲ್ಲ ಅದು.’ ತಮ್ಮ ಬಾಯಿಗೆ ಬೀಗ ಹಾಕಿದ್ದ ನಿಯಮದ ಪರ ಅಷ್ಟು ನ್ಯಾಯವಾಗಿ ಮಾತಾಡಿದವರನ್ನು ನಾನು ಬೇರೆ ಕಂಡಿಲ್ಲ. ಮಂಡಳಿ ತಿದ್ದುಪಡಿಯನ್ನು ಸಭೆಯ ಮುಂದಿಡಲು ಒಪ್ಪಿತು.

ಅಂದು ಬಸ್ಸಿಗೆ ಹೊತ್ತಿತ್ತು. ಹುಣಸೆ ಮರದ ಕೆಳಗೆ ಟೀ ಕುಡಿಯುತ್ತ, ಮತ ಬಂದರೆ ಯಾರಿಗೆ ಹಾಕುತ್ತೀರೆಂದು ಮಾರ್ತಮ್ಮನವರನ್ನು ಕೇಳಿದೆ. ಯಾರಿಗಾದರೂ ಆದೀತು, ಎಲ್ಲರೂ ತಾವು ಮೈ ತೊಳೆದ ಮಕ್ಕಳೇ ಎಂದರು. ಸ್ವಲ್ಪ ತಡೆದು, ‘ವೋಟಿಗಲ್ಲ ಮೇಷ್ಟ್ರೇ. ಎಸ್ರು ಕೂಗ್ತಾರಲ್ಲ, ಅದುಕ್ಕೆ. ಅಪ್ಪನ್ ಎಸ್ರು ಕೇಳಿವ್ನಿ, ಅಣ್ಣನ್ ಎಸ್ರು ಕೇಳಿವ್ನಿ, ಈಗ ಈ ಐದ ಡೇವಿಡ್ಡನ್ ಎಸ್ರೂ ಕೇಳ್ತಾವ್ನಿ. ನನ್ನೆಸ್ರ ಆ ದೇವಾಲಯದೊಳಗೆ ಒಂದ್ ದಪ ಕೂಗ್ಬೇಕು, ನಾನು ಇವ್ನಿ ಅನ್ಬೇಕು. ಅಷ್ಟೇಯ’ ಎಂದರು. ಬೇರೆ ಯಾರಾದರೂ ಹೇಳಿದ್ದರೆ ಇದೇನು ದೊಡ್ಡ ಆಸೆಯೆಂದು ನಕ್ಕುಬಿಡುತ್ತಿದ್ದೆ. ಆ ದಿನ ನಗಲಾಗಲಿಲ್ಲ. ಜೀವನವಿಡೀ ದಿನಕ್ಕೆ ಐದು ಸಲ ಹಾಜರಿ ಕೂಗಿದ ಮೇಷ್ಟ್ರು ನಾನು. ಕೂಗಿಸಿಕೊಳ್ಳುವವರಿಗೆ ಅದು ಏನಾಗಿರಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಮಂಡಳಿ ಒಪ್ಪಿದರೆ ಮುಗಿಯಲಿಲ್ಲ. ತಿದ್ದುಪಡಿಯನ್ನು ಬಿಡದೆ ಮೂರು ಭಾನುವಾರ, ಆರಾಧನೆಯ ಕೊನೆಗೆ ಎಲ್ಲರೂ ಕೂತಿರುವಾಗ, ಹಳೆಯ ನಿಯಮದ ಸಮೇತ ಪೂರ್ತಿಯಾಗಿ ಓದಬೇಕು. ಮೊದಲ ಸಲ ಕೇಳಿದ್ದನ್ನು ಮನೆಗೆ ಒಯ್ಯಲು, ಎರಡನೆಯ ಸಲ ಜಗಳವಾಡಲು, ಮೂರನೆಯ ಸಲ ಜಗಳ ಮುಗಿಸಲು ಎಂದು ಸ್ಯಾಮ್ಯುಯೆಲ್ ಮೇಷ್ಟ್ರು ವಿವರಿಸಿದರು. ಮೂರನೆಯ ಓದಾದ ಕೂಡಲೇ ಯಜಮಾನರ ಮತ. ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಹಿರಿಯರ ಚುನಾವಣೆ ಮೂರು ವರ್ಷಕ್ಕೊಮ್ಮೆ. ಅದು ಆ ಮೂರನೆಯ ಓದಿನ ಮುಂದಿನ ಭಾನುವಾರವೇ ಬಿದ್ದಿತ್ತು. ಲೆಕ್ಕ ಸರಿಯಾಗಿ ಕೂತಿದೆಯೆಂದು ಗಣಿತದ ಮೇಷ್ಟ್ರಿಗೆ ಸಂತೋಷವೋ ಸಂತೋಷ.

ಮೂರನೆಯ ಭಾನುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಓದು ಮುಗಿಯಿತು. ಹೊರಗೆ ಮತದಾರರ ಹೊಸ ಪಟ್ಟಿ ಆಗಲೇ ಅಚ್ಚುಕಟ್ಟಾಗಿ ತಯಾರಾಗಿದ್ದು, ಅದರಲ್ಲಿ ಮಾರ್ತಮ್ಮನವರ ಹೆಸರನ್ನು ಡೇವಿಡ್ ನನಗೆ ಗುಟ್ಟಾಗಿ ತೋರಿಸಿದ್ದ. ಸಭಾಪಾಲಕರು ಪದ್ಧತಿಯಂತೆ, ‘ಇದನ್ನು ಮೂರು ಭಾನುವಾರ ಪೂರ್ತಿಯಾಗಿ ಓದಲಾಗಿದೆಯೇ?’ ಎಂದು ಕೇಳಿದರು. ಯಾವಾಗಲೂ ಎಲ್ಲರೂ ಹೌದೆನ್ನುವ ಪ್ರಶ್ನೆ ಅದು. ಎಲ್ಲರೂ ಹೌದೆಂದರು.

‘ಇಲ್ಲ’ ಎಂದರು ಮಾರ್ತಮ್ಮ.

ನಡೆದದ್ದಿಷ್ಟು. ಎರಡನೆಯ ಭಾನುವಾರ ಸಭಾಪಾಲಕರು ಹುಲ್ಲಹಳ್ಳಿಯ ಕಡೆ ಒಂದು ಅಂತ್ಯಕ್ರಿಯೆಗೆ ಹೋಗಿದ್ದರು. ಓದಲು ನಿಂತವರು ಸ್ಯಾಮ್ಯುಯೆಲ್ ಮೇಷ್ಟ್ರು. ಅರ್ಧ ಓದುವಷ್ಟರಲ್ಲಿ ಕರೆಂಟು ಹೋಗಿ ಮೈಕು ನಿಂತಿತು, ಫ್ಯಾನು ನಿಂತಿತು. ಊರಿನಲ್ಲಿ ಮದುವೆಯ ಊಟವೊಂದಿತ್ತು, ಮಕ್ಕಳು ಆಗಲೇ ಚಪ್ಪಲಿ ಹುಡುಕುತ್ತಿದ್ದವು. ‘ಉಳಿದದ್ದು ಹೋದ ವಾರವೇ ಕೇಳಿದ್ದೀರಿ’ ಎಂದು ಹೇಳಿ ಅವರು ಪುಸ್ತಕ ಮುಚ್ಚಿದ್ದರು. ಯಾರಿಗೂ ಅದೊಂದು ತಪ್ಪೆಂದು ಅನಿಸಿರಲಿಲ್ಲ, ಅವರಿಗೇ ಅನಿಸಿರಲಿಲ್ಲ. ಈಗ ಅದನ್ನು ಹೇಳಿದ್ದು ಈ ತಿದ್ದುಪಡಿಯಿಂದ ಎಲ್ಲರಿಗಿಂತ ಹೆಚ್ಚು ಪಡೆಯಬೇಕಾದವರು. ಸ್ಯಾಮ್ಯುಯೆಲ್ ಮೇಷ್ಟ್ರ ಮುಖ ಕಪ್ಪಿಟ್ಟಿತು. ಮತ್ತೆ ಮೊದಲಿನಿಂದ ಮೂರು ಭಾನುವಾರ ಓದುವುದೆಂದರೆ ಚುನಾವಣೆ ಕೈ ತಪ್ಪಿದಂತೆ. ಮುಂದಿನದು ಮೂರು ವರ್ಷದ ನಂತರ.

ಡೇವಿಡ್ ಎದ್ದು ಬಂದು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ‘ಅತ್ತೆ, ಸುಮ್ನಿರತ್ತೆ. ಎಲ್ರೂ ಒಪ್ಕೊಂಡವ್ರೆ. ನಿನ್ ವಯಸ್ಸೆಷ್ಟು, ಮೂರೊರ್ಷ ಅಂದ್ರೆ ಏನು, ಗ್ಯಾನ ಅದಾ?’ ಎಂದು ಬೇಡಿಕೊಂಡ. ಸಭಾಪಾಲಕರು ಪುಸ್ತಕ ತಿರುವಿ, ಓದಿನಲ್ಲಾದ ಕೊರತೆಯನ್ನು ಮನ್ನಿಸಲು ಎಲ್ಲಾದರೂ ದಾರಿಯಿದೆಯೇ ಎಂದು ಹುಡುಕಿದರು. ಮಾರ್ತಮ್ಮನವರೇ, ‘ಉಡುಕ್ಬ್ಯಾಡಿ ಅಯ್ಯನೋರೆ, ಅದ್ರಲ್ಲಿಲ್ಲ’ ಎಂದರು. ಆಮೇಲೆ ಅಣ್ಣನ ಮಗನ ತಲೆಯ ಮೇಲೆ ಕೈಯಿಟ್ಟು, ‘ಅಂಟ್ಸೋಳು ನಾನು ಕಣಪ್ಪ. ಬೇರೇರ್ದೆಲ್ಲ ಮೂರ್ ದಪ ಓದ್ಸಿ ಅಂಟ್ಸಿವ್ನಿ. ನಂದು ಅಂತ ಅರ್ಧ ಓದಿದ್ನ ಎಂಗ್ ಅಂಟ್ಸ್ಲಿ?’ ಎಂದರು.

ಸ್ಯಾಮ್ಯುಯೆಲ್ ಮೇಷ್ಟ್ರು ಎಲ್ಲರೆದುರು ಕೈಮುಗಿದು ತಮ್ಮ ತಪ್ಪನ್ನು ಒಪ್ಪಿಕೊಂಡರು. ಅದನ್ನೂ ನಡಾವಳಿಯಲ್ಲಿ ಬರೆಸಿದರು. ಮುಂದಿನ ಭಾನುವಾರ ಹಳೆಯ ಪಟ್ಟಿಯಲ್ಲಿದ್ದ ಗಂಡಸರ ಹೆಸರುಗಳನ್ನೇ ಕರೆದು ಚುನಾವಣೆ ಮಾಡಿದರಂತೆ. ಆಮೇಲೆ ಮತ್ತೆ ಮೂರು ಭಾನುವಾರ, ಒಂದಕ್ಷರ ಬಿಡದೆ ಓದು. ಮೂರನೆಯ ಓದಿನ ಬಳಿಕ ಒಬ್ಬರೂ ವಿರೋಧಿಸದೆ ತಿದ್ದುಪಡಿಗೆ ಒಪ್ಪಿಗೆ. ಚೀಟಿಯನ್ನು ಮಾರ್ತಮ್ಮನವರೇ ಅಂಟಿಸಿದರು. ಆ ಕೈ ಆಗಲೂ ನಡುಗಲಿಲ್ಲವೆಂದು ಡೇವಿಡ್ ಫೋನಿನಲ್ಲಿ ಹೇಳಿದ.

ಮಾರ್ತಮ್ಮನವರು ‘ಇಲ್ಲ’ ಎಂದ ಆ ಭಾನುವಾರ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಆ ಮುದುಕಿಯ ಮೇಲೆ ಕೆಟ್ಟ ಕೋಪ ಬಂದಿತ್ತು. ಎಂಥ ಹಠ, ಯಾರಿಗೆ ಬೇಕಿತ್ತು ಈ ಸತ್ಯಸಂಧತೆ ಎಂದು ಸುತ್ತೂರಿನವರೆಗೂ ಒಳಗೊಳಗೇ ಜಗಳವಾಡಿದೆ. ಸುತ್ತೂರು ದಾಟಿದ ಮೇಲೆ ಖಾರಾಭಾತ್ ಪೊಟ್ಟಣ ನೆನಪಾಯಿತು. ನಾನು ಅಷ್ಟು ವರ್ಷ ಸುಮ್ಮನೆ ಭಾವಿಸಿದ್ದೆನಲ್ಲ, ಒಂದು ಸಲವಾದರೂ ಎದ್ದು ನಿಂತು ‘ಇಲ್ಲ, ಓದಿಲ್ಲ’ ಎಂದಿದ್ದೆನೇ? ಓದಿದ್ದರೆ ನನಗೆ ಲಾಭವಿದ್ದಾಗಲೂ ಅಂದಿರಲಿಲ್ಲ. ಓದದಿದ್ದರೆ ಲಾಭವಿದ್ದಾಗ ಅನ್ನುವ ಮಾತೇ ಇಲ್ಲ. ನಂಜನಗೂಡು ಬರುವ ಹೊತ್ತಿಗೆ ಕೋಪ ಹೋಗಿ ಗೌರವ ಉಳಿದಿತ್ತು. ಜೊತೆಗೆ ಭಯವೂ ಇತ್ತು. ಎಪ್ಪತ್ತೆಂಟಕ್ಕೆ ಮೂರು ಕೂಡಿಸುವುದು ಗಣಿತದ ಮೇಷ್ಟ್ರಿಗೆ ಸುಲಭ, ಮಾರ್ತಮ್ಮನವರ ಮಂಡಿಗೆ ಸುಲಭವಲ್ಲ.

ಈ ಮೂರು ವರ್ಷ ಡೇವಿಡ್ಡನ ಹೆಸರು ಫೋನಿನಲ್ಲಿ ಮೂಡಿದಾಗಲೆಲ್ಲ ನಾನು ಕುರ್ಚಿ ಹುಡುಕಿ ಕೂತ ಮೇಲೆಯೇ ಎತ್ತುತ್ತಿದ್ದೆ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರಂತೆ. ಸೊಂಟಕ್ಕೆ ಏಟಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ನೋಡಲು ಹೋದರೆ, ನನ್ನ ಯೋಗಕ್ಷೇಮ ವಿಚಾರಿಸಿ, ಚುನಾವಣೆಗೆ ಇನ್ನೆಷ್ಟು ತಿಂಗಳೆಂದು ಬೆರಳು ಮಡಿಸಿ ಹೇಳಿದರು. ಹೋದ ಮಳೆಗಾಲದಲ್ಲಿ ನೆಗಡಿ ಎದೆಗಿಳಿದು ಹತ್ತು ದಿನ ಮಾತಿರಲಿಲ್ಲ. ಆ ಹತ್ತು ದಿನ ನಾನು ಕಪಿಲಾ ನದಿಯ ಕಡೆ ಬೆಳಗಿನ ನಡಿಗೆಗೆ ಹೋದಾಗ, ನನ್ನ ದೇವರಿಗೆ ಅವರ ದೇವರ ವಿಷಯ ಹೇಳಿ ಶಿಫಾರಸು ಮಾಡಿದ್ದುಂಟು.

ಮೊನ್ನೆ ಶನಿವಾರ ಗೋಂದಿನ ಬಾಟಲಿಯ ಜೊತೆ ಸೆಣಸಿ ಸೋತು, ನಮೂನೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಮಲಗಿದವನು, ಮರುದಿನ ಬೆಳಗಿನ ಮೊದಲ ಬಸ್ಸಿಗೇ ನರಸೀಪುರಕ್ಕೆ ಹೋದೆ. ಚುನಾವಣೆಯ ಭಾನುವಾರ. ದೇವಾಲಯ ಕಿಕ್ಕಿರಿದಿತ್ತು. ಮಾರ್ತಮ್ಮನವರು ಮೂರನೆಯ ಸಾಲಿನ ಅಂಚಿನಲ್ಲಿ, ವಾಕರನ್ನು ಪಕ್ಕಕ್ಕಿಟ್ಟುಕೊಂಡು, ಇಸ್ತ್ರಿಯ ಬಿಳಿ ಸೀರೆಯಲ್ಲಿ ಕೂತಿದ್ದರು. ಆರಾಧನೆ ಮುಗಿಯಿತು. ಸ್ಯಾಮ್ಯುಯೆಲ್ ಮೇಷ್ಟ್ರು ಪಟ್ಟಿ ಹಿಡಿದು ಅಕಾರಾದಿಯಾಗಿ ಹೆಸರು ಕರೆಯತೊಡಗಿದರು. ಗಂಡಸರು ಎದ್ದು ಗಟ್ಟಿಯಾಗಿ ‘ಇದ್ದೇನೆ’ ಎನ್ನುತ್ತಿದ್ದರು. ಮೊದಲ ಹೆಂಗಸಿನ ಹೆಸರು ಬಂದಾಗ ಆಕೆ ಎದ್ದು, ಗಂಡನ ಮುಖ ನೋಡಿ, ಪಿಸುಗುಟ್ಟಿದಳು. ಎರಡನೆಯವಳು ಸ್ವಲ್ಪ ಜೋರಾಗಿ ಹೇಳಿದಳು. ‘ದ’ ಅಕ್ಷರ ಬರುವ ಹೊತ್ತಿಗೆ ಹೆಂಗಸರ ದನಿ ಗಂಡಸರ ದನಿಯ ಸಮಕ್ಕೆ ಬಂದಿತ್ತು. ನಾನು ಮಾತ್ರ ಒಂದೇ ಹೆಸರಿಗೆ ಕಾಯುತ್ತಿದ್ದೆ.

‘ಮಾರ್ತಮ್ಮ’ ಎಂದು ಕರೆದರು ಸ್ಯಾಮ್ಯುಯೆಲ್ ಮೇಷ್ಟ್ರು.

ಉತ್ತರವಿಲ್ಲ. ಬಿಳಿ ಸೀರೆ ಅಲುಗಲಿಲ್ಲ. ತಲೆ ಎದೆಯ ಕಡೆ ತುಸು ಬಾಗಿತ್ತು. ಇಡೀ ದೇವಾಲಯ ಅತ್ತ ತಿರುಗಿತು. ಡೇವಿಡ್ ಅರ್ಧ ಎದ್ದ.

‘ಮಾರ್ತಮ್ಮ’ ಎಂದು ಇನ್ನೊಮ್ಮೆ. ಈಗಲೂ ಇಲ್ಲ. ಮೂರು ವರ್ಷ ಕಾದು, ಇಲ್ಲಿಯವರೆಗೆ ಬಂದು, ಈ ಬೆಂಚಿನ ಮೇಲೆಯೇ ಹೋಗಿಬಿಟ್ಟರೇ ಎಂದು ನನಗೆ ಅಳು ಬಂತು. ಸ್ಯಾಮ್ಯುಯೆಲ್ ಮೇಷ್ಟ್ರು ಮೂರನೆಯ ಸಲ, ಹುಣಸೆ ಮರದಾಚೆಗೂ ಕೇಳುವಂತೆ ಕೂಗಿದರು.

‘ಮಾರ್ತಮ್ಮಾ!’

ವಾಕರು ಕಿರುಗುಟ್ಟಿತು. ಮಾರ್ತಮ್ಮನವರು ನಿಧಾನವಾಗಿ, ಯಾರ ಕೈಯನ್ನೂ ಹಿಡಿಯದೆ, ನೆಟ್ಟಗೆ ಎದ್ದು ನಿಂತರು. ‘ಇದ್ದೇನೆ’ ಎಂದರು, ಅಚ್ಚ ಪುಸ್ತಕದ ಕನ್ನಡದಲ್ಲಿ, ಅಕ್ಷರ ಅಕ್ಷರವಾಗಿ. ಆಮೇಲೆ ಅಲ್ಲಿ ಯಾರು ನಕ್ಕರು, ಯಾರು ಕಣ್ಣೊರೆಸಿಕೊಂಡರು ಎಂದು ಹೇಳಲಾರೆ. ನನ್ನ ಕನ್ನಡಕ ಮಂಜಾಗಿತ್ತು.

ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಮಂಡಳಿಯ ಕೋಣೆಗೆ ಹೋದರೆ, ಅವರು ಅಂಟಿನ ಪಾತ್ರೆ ಮುಂದಿಟ್ಟುಕೊಂಡು ಪುಸ್ತಕ ತೆರೆದಿದ್ದರು. ಮತದ ಚೀಟಿಯ ಅಂಚು ಸಡಿಲಾಗಿತ್ತು. ಹಿಂದೆ ಹೀಗೂ ಇತ್ತೇ ಎಂದು ಸಭೆಯ ಹುಡುಗಿಯರೆಲ್ಲ ಮೂರು ವರ್ಷದಿಂದ ಎತ್ತಿ ಎತ್ತಿ ನೋಡಿದ್ದರಂತೆ. ಹೊಸದಾಗಿ ಅಂಟು ಸವರಿ, ಆರುವ ತನಕ ಅಂಚನ್ನು ಒತ್ತಿ ಹಿಡಿಯಲು ನನ್ನ ಹೆಬ್ಬೆರಳನ್ನು ಕೇಳಿದರು. ಒತ್ತಿ ಹಿಡಿದುಕೊಂಡೇ, ಮೊದಲೆರಡು ಕರೆ ಕೇಳಿಸಲಿಲ್ಲವೇ ಎಂದು ವಿಚಾರಿಸಿದೆ. ‘ಕೇಳುಸ್ದೆ ಏನು, ಕಿವಿ ನೆಟ್ಗವೆ’ ಎಂದರು. ಮತ್ತೆ ಯಾಕೆ ನಮ್ಮನ್ನೆಲ್ಲ ಸಾಯಿಸಿದಿರಿ ಎಂದೆ.

‘ಮೂರ್ ದಪ ಕೂಗ್ಬೇಕು ಅಂತ ಪುಸ್ತಕದಲ್ಲಿ ಬರ್ದದೆ ಮೇಷ್ಟ್ರೇ. ಅರವತ್ತೊರ್ಷ ಕಾದಿವ್ನಿ. ಒಂದೇ ದಪಕ್ಕೆ ಎದ್ಬುಟ್ರೆ ಇನ್ನೆರಡು ದಪ ನನ್ನೆಸ್ರ ನಾನ್ಯಾವಾಗ ಕೇಳ್ಲಿ?’

ನಿನ್ನೆ ಬೆಳಿಗ್ಗೆ ಪಾರ್ವತಿಯಿಂದ ಎರಡು ಚಮಚ ಮೈದಾ ಬೇಡಿ ಪಡೆದು, ನೀರು ಬೆರೆಸಿ ಕಾಯಿಸಿದೆ. ಗಂಟುಗಂಟಾಯಿತು, ಆದರೂ ಹಿಡಿಯಿತು. ಭಾವಚಿತ್ರ ಸ್ವಲ್ಪ ಓರೆಯಾಗಿ ಕೂತರೂ ಗೋಂದಿನ ಬಾಟಲಿಯ ಹಂಗಿಲ್ಲದೆ ಕೂತಿತೆಂಬ ಹೆಮ್ಮೆಯಿಂದ ಬ್ಯಾಂಕಿಗೆ ಹೋದೆ. ಅಲ್ಲಿ ಜೀವಿತ ಪ್ರಮಾಣಕ್ಕೆ ಬಂದವರ ದೊಡ್ಡ ಸಾಲೇ ಇತ್ತು. ಕೌಂಟರಿನ ಹುಡುಗಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದಳು. ಸಾಮಾನ್ಯವಾಗಿ ಮೊದಲ ಕರೆ ಮುಗಿಯುವುದರೊಳಗೆ ಎದ್ದು ಓಡುವವನು ನಾನು. ನನ್ನ ಹೆಸರು ಬಂತು. ಕೂತೇ ಇದ್ದೆ. ಎರಡನೆಯ ಸಲ ಕರೆದಾಗ ಎದ್ದು ‘ಇದ್ದೇನಮ್ಮ’ ಎಂದೆ. ಮೂರನೆಯದಕ್ಕೆ ಕಾಯುವಷ್ಟು ಯೋಗ್ಯತೆ ನನಗೆ ಇನ್ನೂ ಬಂದಿಲ್ಲ.